ಹನ್ನೊಂದು ಕೆಂಪು ಗೆರೆಗಳು

ಮೊದಲು ಆದ ಅನ್ಯಾಯವನ್ನು ಹೇಳಿಬಿಡುತ್ತೇನೆ. ನಮ್ಮ ಔಷಧತಜ್ಞರ ಸಂಘದ ಸದಸ್ಯರು ಗುಪ್ತ ಮತದಾನದಲ್ಲಿ ಒಂದು ಪ್ರಶ್ನೆಗೆ ಬಹುಮತದಿಂದ ‘ಹೌದು’ ಎಂದರು. ಆ ತೀರ್ಮಾನವನ್ನು ಆರೋಗ್ಯ ಸಚಿವಾಲಯಕ್ಕೆ ತಿಳಿಸಬೇಕಾದ ಒಂದು ಪುಟದ ಪತ್ರ ಹದಿನಾಲ್ಕು ತಿಂಗಳಿಂದ ಸಂಘದ ಕಚೇರಿಯಲ್ಲಿ ಕಾರ್ಯದರ್ಶಿಯ ಸಹಿಯಿಲ್ಲದೆ ಬಿದ್ದಿದೆ. ಅದಕ್ಕೂ ಮೊದಲು, ಆ ಪ್ರಶ್ನೆ ಮತಪತ್ರದ ಮೇಲೆ ಬರಲೇಬಾರದೆಂದು ಇದೇ ಕಚೇರಿ ತೊಂಬತ್ತೇಳು ಮಂದಿ ಸದಸ್ಯರ ಸಾಚಾ ಸಹಿಗಳನ್ನು ಕಸಕ್ಕೆ ಸಮ ಮಾಡಿತ್ತು. ಈ ಬಗ್ಗೆ ದೂರಿನ ಪತ್ರಗಳನ್ನು ಈಗಾಗಲೇ ಆರು ಬರೆದಿದ್ದೇನೆ. ಆರರ ಪ್ರತಿಯೂ ನನ್ನಲ್ಲಿದೆ. ಏಳನೆಯದನ್ನು ಓದುಗರ ಮುಂದಿಡುತ್ತಿದ್ದೇನೆ.

ಇದು ಶುರುವಾದದ್ದು ಮೂರು ವರ್ಷಗಳ ಹಿಂದಿನ ಫೆಬ್ರವರಿಯಲ್ಲಿ. ನೈರೋಬಿಯ ಮಿಷನ್ ಆಸ್ಪತ್ರೆಯೊಂದರ ಮುಖ್ಯ ಫಾರ್ಮಸಿಸ್ಟ್ ಹುದ್ದೆಯಿಂದ ನಾನು ನಿವೃತ್ತನಾಗಿ ಆಗ ಎರಡು ವರ್ಷವಾಗಿತ್ತು. ಮೈಸೂರಿನಲ್ಲಿ ಓದಿ, ಅಲ್ಲೇ ಕೆಲವು ವರ್ಷ ದುಡಿದು ಈ ಊರಿಗೆ ಬಂದವನು ನಾನು. ಎರಡೂ ಊರು ಸೇರಿ ಮೂವತ್ತೆಂಟು ವರ್ಷ ಔಷಧಿ ಎಣಿಸಿದ್ದೇನೆ. ನಿವೃತ್ತಿಯ ನಂತರ ವಾರಕ್ಕೆ ಮೂರು ದಿನ ಇದೇ ಊರಿನ ಹರ್ಲಿಂಗ್‌ಹ್ಯಾಮ್‌ನ ಒಂದು ಔಷಧಿ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಅಂಗಡಿಯ ಒಡತಿ ಪೆರಿಸ್ ವಂಬುಯಿ ಫಾರ್ಮಸಿಸ್ಟ್, ನನಗಿಂತ ಮೂವತ್ತು ವರ್ಷ ಚಿಕ್ಕವಳು, ನನ್ನನ್ನು ಹೆದರಿಸಬಲ್ಲ ಕೆಲವೇ ಜನರಲ್ಲಿ ಒಬ್ಬಳು. ಇಲ್ಲಿ ಹಿರಿಯರನ್ನು ಕರೆಯುವಂತೆ ಅವಳು ನನ್ನನ್ನು ‘ಮ್ಝೀ’ ಎಂದೇ ಕರೆಯುತ್ತಾಳೆ. ಅವಳೊಂದಿಗೂ ಸಂಘದವರೊಂದಿಗೂ ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ವೃತ್ತಿಯ ಒಂದು ಪದ್ಧತಿಯನ್ನು ವಿವರಿಸಬೇಕು. ಮಾರ್ಫಿನ್‌ನಂಥ, ಕಾನೂನಿನ ಕಟ್ಟುನಿಟ್ಟಿನಲ್ಲಿರುವ ಔಷಧಿಗಳನ್ನು ಆಸ್ಪತ್ರೆಯಲ್ಲಿ ಎರಡು ಬೀಗದ ಕಪಾಟಿನಲ್ಲಿ ಇಡುತ್ತೇವೆ. ಒಂದು ಬೀಗದ ಕೈ ಫಾರ್ಮಸಿಸ್ಟ್ ಬಳಿ, ಇನ್ನೊಂದು ವಾರ್ಡಿನ ಹಿರಿಯ ನರ್ಸ್ ಬಳಿ. ಇಂಜೆಕ್ಷನ್ನಿನ ಒಂದೊಂದು ಗಾಜಿನ ಆಂಪೂಲ್ ಹೊರಗೆ ಹೋದಾಗಲೂ ದಪ್ಪ ರಿಜಿಸ್ಟರ್‌ನಲ್ಲಿ ರೋಗಿಯ ಹೆಸರು, ಪ್ರಮಾಣ, ಕೊಟ್ಟವರ ಸಹಿ, ಪಕ್ಕದಲ್ಲಿ ನಿಂತು ನೋಡಿದವರ ಸಹಿ. ಬರೆಯುವಾಗ ತಪ್ಪಾದರೆ ಹಾಳೆ ಹರಿಯುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ, ಗೀಚುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಕೆಂಪು ಗೆರೆ. ಗೆರೆಯ ಕೆಳಗಿನ ತಪ್ಪು ಓದಲು ಸಿಗಬೇಕು. ಪಕ್ಕದಲ್ಲಿ ಸರಿಯಾದದ್ದು, ಹೆಸರಿನ ಮೊದಲಕ್ಷರಗಳು, ತಾರೀಖು. ಇನ್‌ಸ್ಪೆಕ್ಟರ್ ಬಂದಾಗ ಮೊದಲು ಹುಡುಕುವುದು ಈ ಗೆರೆಗಳನ್ನೇ. ಒಂದೂ ಕೆಂಪು ಗೆರೆಯಿಲ್ಲದ ರಿಜಿಸ್ಟರ್ ಕಂಡರೆ ಅವರಿಗೆ ಅನುಮಾನ ಬರುತ್ತದೆ.

ಆ ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ಫ್ಲೇವಿಯಾ ಬಾಯಿ ಅಂಗಡಿಗೆ ಬಂದರು. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಕುಟುಂಬ, ಮನೆಮಾತು ಕೊಂಕಣಿ, ಶಾಲೆಯಲ್ಲಿ ಗಣಿತದ ಟೀಚರ್. ಗಂಡ ಇಲ್ಲ. ಮಗಳು ರೆನಿಟಾಗೆ ಆಗ ಹನ್ನೊಂದು ವರ್ಷ, ಎರಡನೆಯ ವರ್ಷದಿಂದ ಅಪಸ್ಮಾರ. ಮೂರು ಬಗೆಯ ಮಾತ್ರೆಗಳು ನಡೆಯುತ್ತಿದ್ದರೂ ಕೆಟ್ಟ ದಿನಗಳಲ್ಲಿ ಐದು ಆರು ಸಲ ಫಿಟ್ಸ್ ಬರುತ್ತಿತ್ತು. ಬಿದ್ದು ತಲೆ ಒಡೆಯಬಾರದೆಂದು ಹುಡುಗಿ ಮನೆಯೊಳಗೂ ಸೈಕಲ್ ಹೆಲ್ಮೆಟ್ ಹಾಕಿಕೊಂಡಿರುತ್ತಿದ್ದಳು. ತಾಯಿ ಪ್ರತಿಯೊಂದು ಫಿಟ್ಸನ್ನೂ ಗಂಟೆ, ನಿಮಿಷಗಳೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನನ್ನ ರಿಜಿಸ್ಟರ್‌ಗಿಂತ ಅಚ್ಚುಕಟ್ಟಾದ ಪುಸ್ತಕವನ್ನು ನಾನು ಕಂಡದ್ದಿದ್ದರೆ ಅದೊಂದನ್ನೇ.

ಅವರು ಕೈಚೀಲದಿಂದ ಕಂದುಬಣ್ಣದ ಒಂದು ಪುಟ್ಟ ಗಾಜಿನ ಶೀಶೆ ತೆಗೆದು ಕೌಂಟರ್ ಮೇಲಿಟ್ಟರು. ಮುಚ್ಚಳದಲ್ಲೇ ಡ್ರಾಪರ್ ಇತ್ತು. ಲೇಬಲ್ ಇರಲಿಲ್ಲ.

“ರಾಯರೇ, ಎಷ್ಟು ತೊಟ್ಟು ಹಾಕ್ಬೇಕು? ಅಷ್ಟು ಹೇಳಿ, ಸಾಕು.”

“ಇದರಲ್ಲಿ ಏನಿದೆ?”

“ಗಾಂಜಾದ ಎಣ್ಣೆ. ಫಿಟ್ಸಿಗೆ ಒಳ್ಳೇದಂತೆ. ನಾನು ರುಂಡಾದ ದೊಡ್ಡವರ ಮನೆಗೆ ಟ್ಯೂಷನ್‌ಗೆ ಹೋಗ್ತೇನಲ್ಲ, ಆ ಮನೆಯವರು ಕೊಟ್ಟದ್ದು.”

“ಯಾರು ತಯಾರಿಸಿದ್ದು? ಒಂದು ಮಿಲಿಲೀಟರಿನಲ್ಲಿ ಎಷ್ಟಿದೆ?”

“ಅದೆಲ್ಲ ಗೊತ್ತಿದ್ದಿದ್ರೆ ನಿಮ್ಮಲ್ಲಿಗೆ ಯಾಕೆ ಬರ್ತಿದ್ದೆ, ಮಾರಾಯ್ರೆ? ಅವರ ನಾಯಿ ಪಟಾಕಿ ಶಬ್ದಕ್ಕೆ ಹೆದರ್ತದಂತೆ, ಅದಕ್ಕೆ ಹಾಕ್ತಾರೆ. ನಾಯಿಗೆ ಉಂಟು, ನನ್ನ ಮಗಳಿಗೆ ಇಲ್ಲ.”

ನಾನು ಶೀಶೆಯನ್ನು ಮುಟ್ಟಲಿಲ್ಲ. ಲೇಬಲ್ ಇಲ್ಲದ ಶೀಶೆಯಿಂದ ಮೂವತ್ತೆಂಟು ವರ್ಷಗಳಲ್ಲಿ ಒಂದು ತೊಟ್ಟನ್ನೂ ಯಾರಿಗೂ ಕೊಟ್ಟಿಲ್ಲವೆಂದೂ, ಅದರಲ್ಲಿ ಏನು ಬೆರೆತಿದೆಯೋ ಹೇಳಲಾಗದೆಂದೂ, ರೆನಿಟಾಳ ಮೂರು ಮಾತ್ರೆಗಳೊಂದಿಗೆ ಅದು ಸೇರಿದರೆ ಏನಾಗುತ್ತದೋ ತಿಳಿಯದೆಂದೂ ಹೇಳಿದೆ. ಜೊತೆಗೆ, ಈ ದೇಶದ ಕಾನೂನಿನಲ್ಲಿ ಆ ಶೀಶೆ ಕೌಂಟರ್ ಮೇಲಿರುವುದೇ ಅಪರಾಧ.

“ಸರಿ,” ಎಂದರು ಫ್ಲೇವಿಯಾ ಬಾಯಿ. “ಹಾಗಾದ್ರೆ ಲೇಬಲ್ ಇರುವ ಶೀಶೆ ನೀವೇ ತಂದುಕೊಡಿ.”

ಅವರು ಶೀಶೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, “ನೀವು ಹೇಳದಿದ್ರೆ ನಾನೇ ಲೆಕ್ಕ ಹಾಕ್ತೇನೆ. ಗಣಿತದ ಟೀಚರಲ್ವಾ ನಾನು” ಎಂದು ಬಾಗಿಲ ಕಡೆ ತಿರುಗಿದಾಗ ಬಾಯಿಂದ ಮಾತು ಹೊರಟೇಹೋಯಿತು.

“ತಂದುಕೊಡುತ್ತೇನೆ. ಅಲ್ಲಿಯವರೆಗೆ ಅದನ್ನು ತೆರೆಯಬೇಡಿ.”

“ಎಷ್ಟು ಸಮಯ?”

“ಒಂದು ವರ್ಷ ಕೊಡಿ.”

ಔಷಧಿಯ ಪ್ರಮಾಣವನ್ನು ಅಂದಾಜಿನಿಂದ ಎಂದೂ ಹೇಳದ ನಾನು ಅಂದು ಒಂದು ವರ್ಷ ಎಂಬ ಅಂದಾಜನ್ನು ಒಬ್ಬ ತಾಯಿಗೆ ಕೊಟ್ಟೆ. ಈ ಪ್ರಕರಣದಲ್ಲಿ ನನ್ನ ತಪ್ಪುಗಳು ಎರಡು, ಇದು ಮೊದಲನೆಯದು.

ಗಾಂಜಾ ಗಿಡದಲ್ಲಿ ಅಮಲೇರಿಸುವ ಅಂಶವೂ ಇದೆ, ಅಮಲೇರಿಸದ ಕ್ಯಾನಬಿಡಿಯಾಲ್ ಎಂಬ ಅಂಶವೂ ಇದೆ. ಈ ಎರಡನೆಯದನ್ನು ಶುದ್ಧವಾಗಿ ತೆಗೆದು, ಪ್ರಮಾಣ ನಿಗದಿ ಮಾಡಿ, ಮಕ್ಕಳ ಕೆಲವು ಬಗೆಯ ಹಟಮಾರಿ ಅಪಸ್ಮಾರಕ್ಕೆ ಹಲವು ದೇಶಗಳಲ್ಲಿ ವೈದ್ಯರು ಬರೆದುಕೊಡುತ್ತಾರೆ. ಅದು ಪವಾಡವಲ್ಲ. ಕೆಲವು ಮಕ್ಕಳಿಗೆ ಫಿಟ್ಸ್ ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ರೆನಿಟಾಳ ನರರೋಗ ತಜ್ಞೆಯನ್ನು ಕೇಳಿದೆ. “ಪ್ರಯತ್ನಿಸಲು ಯೋಗ್ಯವಾದ ಮಗು. ಆದರೆ ನಾನು ಚೀಟಿ ಬರೆದರೆ ಯಾವ ಕಪಾಟಿನಿಂದ ಕೊಡುತ್ತೀರಿ?” ಎಂದು ಅವರು ಕೇಳಿದರು. ನನ್ನ ಬೇಡಿಕೆ ಅಷ್ಟೇ ಆಗಿತ್ತು, ಒಂದು ಕಪಾಟು: ಎರಡು ಬೀಗ, ಒಂದು ರಿಜಿಸ್ಟರ್, ತಜ್ಞರ ಚೀಟಿ, ರೋಗಿಯ ಹೆಸರಿನಲ್ಲೇ ತರಿಸಿದ ಔಷಧಿ. ಸೇದುವವರ ಪರವಾಗಿ ನಾನು ಒಂದು ಮಾತನ್ನೂ ಆಡಿಲ್ಲ.

ಸಚಿವಾಲಯಕ್ಕೆ ಬರೆದೆ. ಉತ್ತರ ಮರ್ಯಾದೆಯಿಂದಲೇ ಬಂತು: ಇಂಥ ವಿಷಯದಲ್ಲಿ ಔಷಧತಜ್ಞರ ಸಂಘದ ಲಿಖಿತ ಅಭಿಪ್ರಾಯ ಬಂದರೆ ಪರಿಶೀಲಿಸುತ್ತೇವೆ. ಸಂಘವನ್ನು ಕೇಳಿದೆ. ಕಾರ್ಯಕಾರಿ ಸಮಿತಿ ಎಂಟು ತಿಂಗಳಲ್ಲಿ ಮೂರು ಸಲ ವಿಷಯವನ್ನು ಮುಂದೂಡಿತು. ಅಷ್ಟು ಹೊತ್ತಿಗೆ ನಾನು ಕೇಳಿದ್ದ ವರ್ಷ ಮುಗಿಯುತ್ತ ಬಂದಿತ್ತು. ಆಗ ಪೆರಿಸ್ ಸಂಘದ ನಿಯಮಾವಳಿಯನ್ನು ಓದಿ ಒಂದು ದಾರಿ ಹುಡುಕಿದಳು. ನೂರೈವತ್ತು ಮಂದಿ ಸದಸ್ಯರು ಸಹಿ ಮಾಡಿ ಕೇಳಿದರೆ, ಇಂಥ ಕಪಾಟಿಗೆ ಅನುಮತಿ ಬೇಕೇ ಎಂಬ ಪ್ರಶ್ನೆಯನ್ನು ವಾರ್ಷಿಕ ಚುನಾವಣೆಯ ಮತಪತ್ರದಲ್ಲಿ ಸಮಿತಿ ಸೇರಿಸಲೇಬೇಕು. ‘ಹೌದು’ ಗೆದ್ದರೆ ಅದೇ ಸಂಘದ ಅಭಿಪ್ರಾಯ. ಚುನಾವಣೆ ಡಿಸೆಂಬರಿನಲ್ಲಿ. ಸಹಿಗಳನ್ನು ಒಪ್ಪಿಸಲು ಅಕ್ಟೋಬರಿನ ಕೊನೆಯ ದಿನದವರೆಗೆ ಅವಕಾಶ.

ಮಾತು ಹರಡಿದ್ದೇ ತಡ, ನನಗೆ ಹೆಸರುಗಳು ಬಿದ್ದವು. ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಮ್ಝೀ ವಾ ಬಂಗಿ’, ಅಂದರೆ ಗಾಂಜಾ ಮುದುಕ. ಕನ್ನಡಿಗರ ಯುಗಾದಿ ಊಟದಲ್ಲಿ, ನಾನು ಹದಿನೈದು ವರ್ಷ ಕಾಲ ಪುಕ್ಕಟೆಯಾಗಿ ರಕ್ತದೊತ್ತಡದ ಮಾತ್ರೆ ಹೊಂದಿಸಿಕೊಟ್ಟ ಲೆಕ್ಚರರ್ ಒಬ್ಬರು, ಕೈಯಲ್ಲಿ ಎರಡನೆಯ ಹೋಳಿಗೆ ಹಿಡಿದುಕೊಂಡು, “ಬನ್ನಿ ಸ್ವಾಮಿ, ಪಾಯಸಕ್ಕೆ ಏನಾದ್ರೂ ಬೆರ್ಸಿದ್ದೀರೋ ಹೇಗೆ?” ಎಂದರು. ಸುತ್ತಲಿನ ಏಳು ಜನ ನಕ್ಕರು. ಯಾರು ಯಾರು ಎಂದು ಈಗಲೂ ಹೇಳಬಲ್ಲೆ. “ಬೆರೆಸಿದ್ದರೆ ನಿಮ್ಮ ಉಪನ್ಯಾಸ ಕೇಳುವ ಹುಡುಗರಿಗೆ ಬೆರೆಸುತ್ತಿದ್ದೆ, ಪಾಪ, ಅವರಿಗೆ ಬೇಕಾಗುತ್ತದೆ” ಎಂದೆ. ಆಮೇಲೆ ಅವರು ಮಾತ್ರೆಗೆ ಬರಲಿಲ್ಲ.

ಸೆಪ್ಟೆಂಬರಿನಿಂದ ಪೆರಿಸ್ ಮತ್ತು ನಾನು ಸಹಿಗೆ ಹೊರಟೆವು. ಆಸ್ಪತ್ರೆಗಳ ಔಷಧಿ ವಿಭಾಗ, ಅಂಗಡಿಗಳ ಹಿಂದಿನ ಕೋಣೆ, ಉಗ್ರಾಣಗಳು. ನನ್ನ ಮಂಡಿನೋವಿಗೆ ಮಟಾಟು ಎಂಬ ಇಲ್ಲಿನ ಖಾಸಗಿ ವ್ಯಾನುಗಳ ಮೆಟ್ಟಿಲು ಎತ್ತರ. ಕಂಡಕ್ಟರ್‌ಗಳು ತೋಳು ಹಿಡಿದು ಎಳೆದುಕೊಳ್ಳುತ್ತಿದ್ದರು. ಒಂದು ಹಾಳೆಗೆ ಹನ್ನೆರಡು ಸಾಲಿನಂತೆ ಹದಿನಾಲ್ಕು ಹಾಳೆ, ನೂರ ಅರವತ್ತೆಂಟು ಸಹಿ. ಕೊಡುವ ಮುನ್ನ ಒಂದೊಂದು ಹೆಸರನ್ನೂ ಸದಸ್ಯರ ಪಟ್ಟಿಯೊಂದಿಗೆ ತಾಳೆ ನೋಡಿದೆ. ಆರು ಜನರ ಸದಸ್ಯತ್ವ ಮುಗಿದಿತ್ತು, ಮೂವರು ಮರೆತು ಎರಡು ಸಲ ಸಹಿ ಮಾಡಿದ್ದರು, ಇಬ್ಬರ ನೋಂದಣಿ ಸಂಖ್ಯೆ ಹೊಂದಲಿಲ್ಲ. ಒಟ್ಟು ಹನ್ನೊಂದು. ಕೈ ತಾನೇತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಹನ್ನೊಂದರ ಮೇಲೂ ಒಂದೊಂದು ಗೆರೆ, ಪಕ್ಕದಲ್ಲಿ ಕಾರಣ, ನನ್ನ ಮೊದಲಕ್ಷರಗಳು, ತಾರೀಖು. ಉಳಿದದ್ದು ನೂರ ಐವತ್ತೇಳು, ಬೇಕಾದದ್ದು ನೂರೈವತ್ತು. ಅಂದು ನನಗೆ ಹೆಮ್ಮೆಯಾಗಿತ್ತು. ಎರಡನೆಯ ತಪ್ಪು ಇದೇ.

ಸಂಘದ ಕಚೇರಿ ರಿವರ್‌ಸೈಡ್‌ನಲ್ಲಿದೆ. ಹಾಳೆ ಒಪ್ಪಿಸಿದ ಮೂರನೆಯ ದಿನ ಬರಹೇಳಿದರು. ಗೇಟಿನ ಕಾವಲುಗಾರ ನನ್ನನ್ನು ಒಳಗೆ ಬಿಡಲಿಲ್ಲ. ಲಕೋಟೆಯೊಂದನ್ನು ಕಂಬಿಗಳ ನಡುವಿನಿಂದ ಕೊಟ್ಟು, “ಪೋಲೆ, ಮ್ಝೀ” ಎಂದ. ಕ್ಷಮಿಸಿ ಎಂದು ಆ ಕಟ್ಟಡದಿಂದ ನನಗೆ ಸಿಕ್ಕ ಮಾತು ಇಂದಿಗೂ ಅದೊಂದೇ. ಲಕೋಟೆಯಲ್ಲಿ ಒಂಬತ್ತು ಹಾಳೆಗಳೂ ಎರಡು ಸಾಲಿನ ಪತ್ರವೂ ಇದ್ದವು: ‘ಈ ಹಾಳೆಗಳಲ್ಲಿ ತಿದ್ದುಪಡಿ ಕಂಡುಬಂದಿರುವುದರಿಂದ ಅವುಗಳನ್ನು ಸಂಪೂರ್ಣವಾಗಿ ತಿರಸ್ಕರಿಸಲಾಗಿದೆ.’ ನನ್ನ ಹನ್ನೊಂದು ಗೆರೆಗಳು ಒಂಬತ್ತು ಹಾಳೆಗಳಲ್ಲಿ ಹಂಚಿಹೋಗಿದ್ದವು. ಆ ಒಂಬತ್ತರಲ್ಲಿ ಹನ್ನೊಂದನ್ನು ಕಳೆದು ತೊಂಬತ್ತೇಳು ಸರಿಯಾದ ಸಹಿಗಳಿದ್ದವು. ಉಳಿದ ಐದು ಹಾಳೆಗಳಲ್ಲಿ ಅರವತ್ತು. ಇನ್ನೂ ತೊಂಬತ್ತು ಬೇಕು. ಕೈಯಲ್ಲಿ ಹತ್ತು ದಿನ.

ಪತ್ರಕ್ಕೆ ಕಾರ್ಯದರ್ಶಿಯ ಸಹಿಯಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವರಿಗೂ ನನಗೂ ಇರುವ ಸಂಬಂಧವನ್ನು ಬರೆಯಲೇಬೇಕು.

ಹತ್ತೊಂಬತ್ತು ವರ್ಷಗಳ ಹಿಂದೆ ಅವರು ನನ್ನ ವಿಭಾಗಕ್ಕೆ ತರಬೇತಿಗೆ ಬಂದಿದ್ದರು. ಒಂದು ಬೆಳಿಗ್ಗೆ ಅವರು ರಿಜಿಸ್ಟರ್‌ನಲ್ಲಿ ಮಾರ್ಫಿನ್ ಒಂದು ಆಂಪೂಲ್ ಎಂದು ಬರೆಯಬೇಕಾದಲ್ಲಿ ಹತ್ತು ಎಂದು ಬರೆದರು. ಕಪಾಟಿನಲ್ಲಿ ಒಂಬತ್ತು ಹೆಚ್ಚಾಗಿ ಕಂಡಿತು. ಅಂಥ ತಪ್ಪಿಗೆ ತರಬೇತಿಯೇ ನಿಂತುಹೋಗಬಹುದಿತ್ತು. ನಾನು ಒಳಗೆ ಬಂದಾಗ ಅವರು ಆ ಹಾಳೆಯ ಅಂಚು ಹಿಡಿದು ಹರಿಯಲು ಸಿದ್ಧರಾಗಿದ್ದರು.

“ಹರಿಯಬೇಡ,” ಎಂದೆ. “ಹರಿದರೆ ಕಳ್ಳನಾಗುತ್ತೀಯ. ಗೆರೆ ಎಳೆದರೆ ತಪ್ಪು ಮಾಡಿದವನು ಅಷ್ಟೇ.”

ನನ್ನ ಕೆಂಪು ಪೆನ್ನನ್ನೇ ಕೊಟ್ಟೆ. ವಾರ್ಡಿನ ಹಿರಿಯ ನರ್ಸನ್ನು ಕರೆದು ಇಬ್ಬರೂ ಆಂಪೂಲ್ ಎಣಿಸಿದೆವು. ಅವರು ಗೆರೆ ಎಳೆದು ಸಹಿ ಹಾಕಿದರು, ಪಕ್ಕದಲ್ಲಿ ನಾನು ಹಾಕಿದೆ. ಮುಂದಿನ ತಿಂಗಳು ಬಂದ ಇನ್‌ಸ್ಪೆಕ್ಟರ್ ಆ ಸಾಲಿನ ಮೇಲೆ ಬೆರಳಿಟ್ಟು, ತಲೆಯಾಡಿಸಿ, ಮುಂದಿನ ಪುಟಕ್ಕೆ ಹೋದರು. ಆ ಹುಡುಗ ಫಾರ್ಮಸಿಸ್ಟ್ ಆದ, ಆಮೇಲೆ ಕಾರ್ಯದರ್ಶಿಯಾದ. ಕೆಂಪು ಗೆರೆಯೆಂದರೆ ಏನೆಂದು ನೈರೋಬಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ.

ಗೇಟಿನಿಂದ ನೇರವಾಗಿ ಅಂಗಡಿಗೆ ಹೋಗಿ ಹಾಳೆಗಳನ್ನು ಕೌಂಟರ್ ಮೇಲೆ ಹರಡಿದೆ. ಪೆರಿಸ್ ಒಂದೊಂದನ್ನೇ ನೋಡಿದಳು. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೈ ಚಾಚಿದಳು.

“ಮ್ಝೀ, ಆ ಪೆನ್ನು ಕೊಡಿ.”

“ಯಾವ ಪೆನ್ನು?”

“ನಾಟಕ ಬೇಡ. ಜೇಬಿನಲ್ಲಿರುವುದು.”

ಕೊಟ್ಟೆ. ಅವಳು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಹಾಕಿದಳು. “ಹಾಳೆಗೆ ಹನ್ನೆರಡು ಹೆಸರಿದ್ದರೆ ಒಬ್ಬನ ತಪ್ಪಿಗೆ ಹನ್ನೊಂದು ಜನ ಸಾಯುತ್ತಾರೆ. ಇನ್ನು ಹಾಳೆಗೆ ಒಂದೇ ಹೆಸರು. ತಪ್ಪಾದರೆ ಹರಿದು ಹೊಸದು.”

“ಹರಿಯುವುದೇ?”

“ಹರಿಯುವುದು. ನೀವು ಕಣ್ಣು ಮುಚ್ಚಿಕೊಳ್ಳಿ, ನಾನು ಹರಿಯುತ್ತೇನೆ.”

ಆ ಹತ್ತು ದಿನಗಳಲ್ಲಿ ತೊಂಬತ್ತೇಳು ಜನರ ಬಾಗಿಲಿಗೂ ಮತ್ತೆ ಹೋದೆವು. ಕೆಲವರು ನಕ್ಕರು, ಕೆಲವರು ಸಿಡುಕಿದರು, ಒಬ್ಬರು “ಆಗಲೇ ಮಾಡಿದ್ದೇನಲ್ಲ, ನಿಮಗೆ ಮರೆವೇ?” ಎಂದರು. ನಡೆದದ್ದನ್ನು ಹೇಳಿದ ಮೇಲೆ ಹೆಚ್ಚಿನವರು ಮೊದಲಿಗಿಂತ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು. ಮೊದಲ ಸಲ ಹಿಂಜರಿದಿದ್ದ ಹಲವರು ಈಗ ತಾವಾಗಿ ಅಂಗಡಿಗೆ ಬಂದರು. ನಾನು ಕಲಿಸಿದ ಹಳೆಯ ತರಬೇತಿಯವರಲ್ಲಿ ಒಬ್ಬಾಕೆ ಥಿಕಾದಿಂದ ಬಂದು ಸಹಿ ಮಾಡಿ, “ಸರ್, ಅವರಿಗೆ ನೀವು ಗೆರೆ ಎಳೆಯಲು ಕಲಿಸಿದಿರಿ, ಓದಲು ಕಲಿಸಲಿಲ್ಲವೇ?” ಎಂದಳು. ಪೆರಿಸ್ ಇಪ್ಪತ್ತಾರು ಹಾಳೆ ಹರಿದಳು. ಪ್ರತಿ ಸಲವೂ ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ನಮ್ಮ ಬಳಿ ನೂರ ಮೂರು ಹೊಸ ಹಾಳೆಗಳಿದ್ದವು. ಹಳೆಯ ಅರವತ್ತರೊಂದಿಗೆ ನೂರ ಅರವತ್ತಮೂರು.

ಈ ಸಲ ಕೊಡಲು ಪೆರಿಸ್ ನನ್ನೊಂದಿಗೆ ಬಂದಳು. ಗೇಟಿನಲ್ಲಿ ಒಂದು ಗಂಟೆ ನಿಲ್ಲಿಸಿದರು. ಅವಳು ಕಾರಿನ ಬಾನೆಟ್ ಮೇಲೆ ಹಾಳೆಗಳನ್ನು ಇಟ್ಟುಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದತೊಡಗಿದಳು. ಮೂವತ್ತನೆಯ ಹೆಸರಿಗೆ ಮೇಲಿನ ಕಿಟಕಿಗಳು ತೆರೆದವು. ನಲವತ್ತೊಂದನೆಯದಕ್ಕೆ ಗೇಟು ತೆರೆಯಿತು.

ಡಿಸೆಂಬರಿನ ಸಭೆಯಲ್ಲಿ ಮತದಾನಕ್ಕೆ ಮುನ್ನ ಚರ್ಚೆ. ವಿರೋಧಿಸಿದವರಿಗೆ ಐದು ನಿಮಿಷ ಕೊಟ್ಟ ಕಾರ್ಯದರ್ಶಿ ನನಗೆ ಎರಡು ನಿಮಿಷ ಕೊಟ್ಟರು. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ವಿರೋಧಿಸಿದವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಕಪಾಟಿನಿಂದ ಔಷಧಿ ಸೋರಿಹೋಗುತ್ತದೆ ಎಂಬುದು ಅವರ ಭಯ. ಮಾರ್ಫಿನ್ ಬಂದಾಗಲೂ ನಮ್ಮ ವೃತ್ತಿಗೆ ಅದೇ ಭಯವಿತ್ತು. ಅದಕ್ಕೇ ಎರಡು ಬೀಗ ಬಂದವು ಎಂದೆ. ನಾನು ರೆನಿಟಾಳ ತಾಯಿಯ ಅನುಮತಿ ಪಡೆದು ಆ ನೋಟ್‌ಬುಕ್ಕಿನ ಒಂದೇ ಒಂದು ದಿನದ ಪುಟವನ್ನು ಓದಿದೆ. ಬೆಳಿಗ್ಗೆ ಆರು ಹತ್ತು, ಒಂದೂವರೆ ನಿಮಿಷ. ಏಳು ಐವತ್ತು, ಎರಡು ನಿಮಿಷ, ತುಟಿ ನೀಲಿ. ಹನ್ನೊಂದು ಇಪ್ಪತ್ತು, ಶಾಲೆಯಲ್ಲಿ, ಎಷ್ಟು ಹೊತ್ತೆಂದು ತಿಳಿಯದು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಮೇಜು ತಟ್ಟಿದರು.

“ಸಮಯವಾಯಿತು, ಮ್ಝೀ.”

“ಇನ್ನೊಂದು ಪ್ರಶ್ನೆ, ಇದು ನಿಮಗೆ. ನನ್ನ ಕೆಂಪು ಗೆರೆ ನಿಮಗೆ ಯಾವಾಗಿನಿಂದ ತಿದ್ದುಪಡಿಯಾಗಿ ಕಾಣತೊಡಗಿತು?”

ಆ ‘ಯಾವಾಗಿನಿಂದ’ ಎಂಬುದು ಸಭೆಯಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಅವರಿಗೆ ಆಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ಅದು ಆಸ್ಪತ್ರೆಯ ರಿಜಿಸ್ಟರ್‌ಗೆ. ಇದು ಚುನಾವಣೆ. ನಿಮ್ಮ ಕಾಲ ಬೇರೆ ಇತ್ತು.”

“ನನ್ನ ಕಾಲದಲ್ಲೇ ನೀವು ಫಾರ್ಮಸಿಸ್ಟ್ ಆದದ್ದು” ಎಂದು ಹೇಳಿ ಕುಳಿತೆ. ಹತ್ತು ಎಂದು ಬರೆದ ಸಾಲು, ಹರಿಯಲು ಹಿಡಿದ ಹಾಳೆ ಇವೆಲ್ಲವನ್ನೂ ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಅದು ಅವರು ಕಲಿಯುತ್ತಿದ್ದ ದಿನಗಳ ತಪ್ಪು. ಅದನ್ನು ಹಿಡಿದು ಮತ ಕೇಳುವುದು ನನಗೆ ಬೇಡವಾಗಿತ್ತು. ಇಂದು ಏಕೆ ಬರೆದೆ ಎಂದರೆ, ಅವರ ಇಂದಿನ ತಪ್ಪು ಕಲಿಯುವವನ ತಪ್ಪಲ್ಲ.

ನಾನೂರ ಹನ್ನೆರಡು ಮತಗಳು ಬಿದ್ದವು. ಇನ್ನೂರ ಮೂವತ್ತೊಂದು ಹೌದು, ನೂರ ಎಪ್ಪತ್ತನಾಲ್ಕು ಇಲ್ಲ, ಏಳು ಅಸಿಂಧು. ಎಣಿಕೆಯ ಮೇಜಿನ ಪಕ್ಕದಲ್ಲಿ ನಾನು ನಿಂತೇ ಇದ್ದೆ. ಪೆರಿಸ್ ಗಲ್ಲಾಪೆಟ್ಟಿಗೆಯ ಕೀಲಿ ತೆಗೆದು ಪೆನ್ನನ್ನು ನನಗೆ ಮರಳಿಸಿದ್ದು ಮರುದಿನ. “ಅಸಾಂಟೆ” ಎಂದು ಸ್ವಾಹಿಲಿಯಲ್ಲೇ ಅವಳಿಗೆ ಧನ್ಯವಾದ ಹೇಳಿದೆ. “ಇನ್ನು ಮತಪತ್ರದ ಹತ್ತಿರ ಇದನ್ನು ತರಬೇಡಿ” ಎಂದಳು.

ಎಣಿಕೆ ಮುಗಿದ ಸಂಜೆಯೇ, ಅಂಗಡಿಯ ಹತ್ತಿರವೇ ಇರುವ ಫ್ಲೇವಿಯಾ ಬಾಯಿಯವರ ಮನೆಗೆ ಹೋಗಿದ್ದೆ. ರೆನಿಟಾ ಹೆಲ್ಮೆಟ್ ಹಾಕಿಕೊಂಡು ಬಾಲ್ಕನಿಯಲ್ಲಿ ಕುಳಿತು ಮಟಾಟುಗಳ ಮೇಲೆ ಬರೆದ ಚಿತ್ರಗಳಿಗೆ ಅಂಕ ಕೊಡುತ್ತಿದ್ದಳು. ಅಮ್ಮನಂತೆ ಅವಳಿಗೂ ಅಂಕ ಕೊಡುವ ಅಭ್ಯಾಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ಗೆದ್ದೆವು ಮಗೂ” ಎಂದೆ.

“ರಿಯಲಿ, ಅಂಕಲ್?” ಎಂದು ಎದ್ದು ನಿಂತು, ನನ್ನ ಹಿಂದೆ, ನನ್ನ ಚೀಲದಲ್ಲಿ, ನನ್ನ ಎರಡೂ ಕೈಗಳಲ್ಲಿ ನೋಡಿದಳು. “ದೆನ್ ವೇರ್ ಇಸ್ ಇಟ್?”

ಒಂದೆರಡು ತಿಂಗಳಲ್ಲಿ ಎಂದೆ. ಮತ್ತೆ ಅಂದಾಜು.

ನಿಯಮದ ಪ್ರಕಾರ ಫಲಿತಾಂಶವನ್ನು ಕಾರ್ಯದರ್ಶಿ ಸಹಿ ಮಾಡಿ ಸಚಿವಾಲಯಕ್ಕೆ ಕಳುಹಿಸಬೇಕು. ಪತ್ರ ಸಿದ್ಧವಾಗಿದೆ ಎಂದು ಕಚೇರಿಯ ಟೈಪಿಸ್ಟ್ ಜನವರಿಯಲ್ಲೇ ಹೇಳಿದರು. ನಾನು ಬರೆದ ಆರು ಪತ್ರಗಳಿಗೆ ಎರಡು ಉತ್ತರ ಬಂದಿವೆ. ಒಂದರಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಿದೆ, ಇನ್ನೊಂದರಲ್ಲಿ ‘ಗಮನಿಸಲಾಗಿದೆ’ ಎಂದಿದೆ. ಸಚಿವಾಲಯದಲ್ಲಿ ವಿಚಾರಿಸಿದೆ, ಸಂಘದಿಂದ ಏನೂ ಬಂದಿಲ್ಲ, ಬಂದರೆ ಕಡತ ತೆರೆಯುತ್ತೇವೆ ಎಂದರು. ಅವರು ಇಲ್ಲವೆನ್ನಬಹುದು, ಹೌದೆನ್ನಬಹುದು. ಅದನ್ನು ಎದುರಿಸಲು ಸಿದ್ಧನಿದ್ದೇನೆ. ಆದರೆ ಆ ಪ್ರಶ್ನೆ ಇನ್ನೂ ಅವರ ಮೇಜಿಗೇ ಹೋಗಿಲ್ಲ.

ರೆನಿಟಾಗೆ ಈಗ ಹದಿನಾಲ್ಕು. ಕಳೆದ ನವೆಂಬರಿನಲ್ಲಿ ಒಂದು ಫಿಟ್ಸ್ ನಿಲ್ಲಲೇ ಇಲ್ಲ. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದಳು. ಎಚ್ಚರವಾದ ಮೇಲೆ ಅವಳಿಗೆ ಕೆಲವು ಮಾತುಗಳು ತಡವಾಗಿ ನೆನಪಿಗೆ ಬರುತ್ತವೆ. ಮಟಾಟುಗಳಿಗೆ ಅಂಕ ಕೊಡುವುದನ್ನು ಬಿಟ್ಟಿದ್ದಾಳೆ.

ಎರಡು ವಾರದ ಹಿಂದೆ ಫ್ಲೇವಿಯಾ ಬಾಯಿ ನನ್ನನ್ನು ಅಡುಗೆಮನೆಗೆ ಕರೆದು ಫ್ರಿಜ್ ತೆರೆದರು. ಮೊಟ್ಟೆಗಳ ಹಿಂದೆ, ಆ ಕಂದು ಶೀಶೆ. ಮುಚ್ಚಳದ ಸುತ್ತ ಅವರೇ ಅಂಟಿಸಿದ್ದ ಟೇಪು ಹಾಗೇ ಇತ್ತು.

“ಒಂದು ತೊಟ್ಟೂ ಕೊಡ್ಲಿಲ್ಲ, ರಾಯರೇ. ನೀವು ಹೇಳಿದ್ದಕ್ಕೆ. ಆಸ್ಪತ್ರೆಯಲ್ಲಿ ಆ ಮೂರು ದಿನ ಇದನ್ನೇ ನೆನೆಸ್ಕೊಂಡು ಕೂತಿದ್ದೆ. ಕೊಟ್ಟಿದ್ರೆ ಹೀಗೆ ಆಗ್ತಿತ್ತೋ ಇಲ್ವೋ, ನಿಮಗೆ ಗೊತ್ತುಂಟಾ?”

“ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ. ಇನ್ನೆಷ್ಟು ದಿನ ಗೊತ್ತಿಲ್ಲದೆ ಇರ್ಲಿ, ಹೇಳಿ.”

ಅದನ್ನು ತೆರೆಯಬೇಡಿ ಎಂದು ಈ ಸಲವೂ ಹೇಳಿದೆ. ಏಕೆಂದರೆ ಅದರಲ್ಲಿ ಏನಿದೆಯೋ ಇಂದಿಗೂ ನನಗೆ ತಿಳಿಯದು. ಆದರೆ ಈ ಸಲ ಸಮಯ ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಅವರು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಹೂಂ ಎನ್ನಲಿಲ್ಲ.

ಮೂವತ್ತೆಂಟು ವರ್ಷ ಈ ವೃತ್ತಿ ನನಗೆ ಕಲಿಸಿದ್ದು, ತಪ್ಪನ್ನು ಅಳಿಸಬಾರದು, ಓದಲು ಸಿಗುವಂತೆ ಬಿಡಬೇಕು ಎಂದು. ನನ್ನ ಎರಡು ತಪ್ಪುಗಳನ್ನು ಮೇಲೆ ಬರೆದಿದ್ದೇನೆ, ನನ್ನ ಮೊದಲಕ್ಷರ ಹಾಕಲು ಸಿದ್ಧನಿದ್ದೇನೆ. ಆ ಒಂಬತ್ತು ಹಾಳೆಗಳೂ ಜೋಪಾನವಾಗಿ ನನ್ನ ಬಳಿಯಿವೆ. ಕೆಂಪು ಪೆನ್ನಿನಲ್ಲಿ ಶಾಯಿಯೂ ಇದೆ. ಬದುಕಿರುವವರೆಗೂ ತಿಂಗಳಿಗೊಂದು ಪತ್ರ ಆ ಕಚೇರಿಗೆ ಹೋಗುತ್ತದೆ. ಗೇಟು ತೆರೆಯದಿದ್ದರೆ ಪೆರಿಸ್ ಇನ್ನೂರ ಮೂವತ್ತೊಂದು ಮತಗಳನ್ನೂ ಬಾನೆಟ್ ಮೇಲೆ ನಿಂತು ಎಣಿಸಬಲ್ಲಳು.

ಇನ್ನು ಕಾರ್ಯದರ್ಶಿಗಳಿಗೆ ಒಂದು ಮಾತು. ಯಾವ ರಿಜಿಸ್ಟರ್‌ನಲ್ಲೂ ದಾಖಲಾಗದ ಔಷಧಿಯೊಂದು ಹರ್ಲಿಂಗ್‌ಹ್ಯಾಮ್‌ನ ಒಂದು ಮನೆಯ ಫ್ರಿಜ್ಜಿನಲ್ಲಿ, ಮೊಟ್ಟೆಗಳ ಹಿಂದೆ ಇದೆ. ನೀವು ಪೆನ್ನು ಎತ್ತದ ಒಂದೊಂದು ದಿನವೂ ಆ ತಾಯಿಯ ಕೈ ಆ ಮುಚ್ಚಳಕ್ಕೆ ಹತ್ತಿರವಾಗುತ್ತಿದೆ. ಅವರು ಅದನ್ನು ತೆರೆದು ಲೆಕ್ಕವಿಲ್ಲದ ತೊಟ್ಟುಗಳನ್ನು ಮಗಳ ನಾಲಿಗೆಗೆ ಬಿಟ್ಟ ದಿನ, ಕೊಟ್ಟವರ ಸಹಿ ಅವರದ್ದಾಗುತ್ತದೆ. ಪಕ್ಕದಲ್ಲಿ ನಿಂತು ನೋಡಿದವರ ಸಹಿಯ ಜಾಗದಲ್ಲಿ ನಾನು ಯಾರ ಹೆಸರು ಬರೆಯಲಿ?